ವೀಸಾದ ಹಗ್ಗ ಯಾರ ಕೈಯಲ್ಲಿದೆ?

ಅಡಿಕೆ ಕೊಯ್ಲು ಹತ್ತಿರ ಬಂತು ಅಂದರೆ ಶಿರಸಿ ಸೀಮೆಯಲ್ಲಿ ಇಬ್ಬರು ಸಿಕ್ಕಾಗ ಮೊದಲು ಕೇಳುವುದು ಒಂದೇ ಮಾತು. "ಕೊನೆಗೌಡ ಸಿಕ್ಕಿದ್ನ?"

ನಮ್ಮ ತೋಟಕ್ಕೆ ಬರುವ ಕೊನೆಗೌಡನಿಗೆ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನಿಗೆ, ಐವತ್ತು ದಾಟಿದೆ. ಬೆಳಿಗ್ಗೆ ಚಹಾ ಕುಡಿದು, ಹಗ್ಗ ಹೆಗಲಿಗೆ ಹಾಕಿ ಮರ ಹತ್ತಿದರೆ ಊಟದ ಹೊತ್ತಿನವರೆಗೆ ನೆಲ ಮುಟ್ಟುವುದು ಕಡಿಮೆ. ತುದಿಯಲ್ಲಿ ಕೂತು ಮರವನ್ನು ಮೆಲ್ಲಗೆ ತೂಗುತ್ತಾನೆ. ಪಕ್ಕದ ಮರ ಕೈಗೆ ಸಿಕ್ಕಿತೋ, ಅದಕ್ಕೆ ದಾಟಿಬಿಡುತ್ತಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಜರ್ರನೆ ಜಾರಿ ಬರುತ್ತದೆ. ಕೆಳಗೆ ಹಗ್ಗದ ತುದಿ ಬಿಗಿಯಾಗಿ ಹಿಡಿದು ನಿಲ್ಲುವುದು ನನ್ನ ಕೆಲಸ. ಈ ಕಸುಬು ಒಂದು ಮಳೆಗಾಲದಲ್ಲಿ ಕಲಿಯುವಂಥದ್ದಲ್ಲ. ಕಲಿತವರಿಗೆ ವಯಸ್ಸಾಗುತ್ತಿದೆ, ಅವರ ಮಕ್ಕಳು ಗೋವಾಕ್ಕೋ ಬೆಂಗಳೂರಿಗೋ ಹೋಗಿದ್ದಾರೆ. ಹಾಗಾಗಿ ತೋಟದವರು ಏನೆಲ್ಲ ಮಾಡುತ್ತಾರೆ ನೋಡಿ. ದೀಪಾವಳಿಗೆ ಮೊದಲೇ ಮುಂಗಡ ಕೊಡುತ್ತಾರೆ. ಬೈಕಿನಲ್ಲಿ ಮನೆಗೇ ಹೋಗಿ ಕರೆತರುತ್ತಾರೆ. ವಿಮೆ ಮಾಡಿಸುತ್ತಾರೆ. ಮಗಳ ಮದುವೆಗೆ ಕೈಗಡ ಕೊಡುತ್ತಾರೆ. ಈ ವರ್ಷ ಬಂದವನು ಮುಂದಿನ ವರ್ಷ ಪಕ್ಕದ ಊರಿಗೆ ಹೋಗಿಬಿಟ್ಟರೆ ಎಂಬ ಚಿಂತೆ ಎಲ್ಲರಿಗೂ ಇದೆ.

ಜರ್ಮನಿ, ಕೆನಡಾ, ಜಪಾನ್, ಆಸ್ಟ್ರೇಲಿಯಾದ ಸರ್ಕಾರಗಳೂ ಇದೇ ಚಿಂತೆಯಲ್ಲಿವೆ. ಅವರಿಗೆ ನರ್ಸ್ ಬೇಕು, ವೆಲ್ಡರ್ ಬೇಕು, ಸಾಫ್ಟ್‌ವೇರ್ ಬಲ್ಲವರು ಬೇಕು, ಹೊಸ ಕಂಪನಿ ಕಟ್ಟುವವರು ಬೇಕು. ಅದಕ್ಕಾಗಿ ಬಗೆಬಗೆಯ ಯೋಜನೆ ಮಾಡಿದ್ದಾರೆ. ಬ್ಲೂ ಕಾರ್ಡ್, ಗೋಲ್ಡನ್ ವೀಸಾ, ಎಕ್ಸ್‌ಪ್ರೆಸ್ ಎಂಟ್ರಿ, ಸ್ಟಾರ್ಟ್‌ಅಪ್ ವೀಸಾ. ಹೆಸರು ಕೇಳಿಯೇ ತಲೆ ತಿರುಗುತ್ತದೆ, ಅಲ್ವಾ?

2024ರ ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದ ನನ್ನ ಅಕ್ಕನ ಮಗಳು ಫೋನ್ ಮಾಡಿದಳು. "ಮಾವಾ, ಎರಡು ಕಡೆ ಅವಕಾಶ ಇದ್ದು. ಎಂತ ಮಾಡವು ಹೇಳು." ಒಂದು ಜರ್ಮನಿಯ ಆಸ್ಪತ್ರೆ. ಭಾಷೆ ಕಲಿಯಲೇಬೇಕು, ವರ್ಷಕ್ಕೂ ಜಾಸ್ತಿ ಕಾಯಬೇಕು. ಇನ್ನೊಂದು ಬ್ರಿಟನ್ನಿನ ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ. ಮೂರು ತಿಂಗಳಲ್ಲಿ ವಿಮಾನ ಹತ್ತಬಹುದು, ಆದರೆ ಏಜೆಂಟ್ ಆರು ಲಕ್ಷ ಕೇಳುತ್ತಿದ್ದ. ಅವಳಿಗೆ ಉತ್ತರ ಹೇಳಬೇಕೆಂದು ನಾನು ಇವನ್ನೆಲ್ಲ ಓದಲು ಕೂತೆ. ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಸಂಬಳ ಎಷ್ಟು ಎಂದು ಕೇಳುವುದಕ್ಕೂ ಮೊದಲು ಕೇಳಬೇಕಾದ್ದು, ಈ ವೀಸಾದ ಹಗ್ಗ ಯಾರ ಕೈಯಲ್ಲಿದೆ ಎಂದು. ನಿಮ್ಮ ಕೈಯಲ್ಲಿದೆಯೋ, ಕೆಲಸ ಕೊಟ್ಟ ಮಾಲೀಕನ ಕೈಯಲ್ಲೋ, ಅಥವಾ ಒಂದು ಪ್ರಾಂತ್ಯದ ಸರ್ಕಾರದ ಕೈಯಲ್ಲೋ? ಇದು ತಿಳಿದರೆ ಉಳಿದದ್ದು ತನ್ನಿಂದ ತಾನೇ ಬಿಡಿಸಿಕೊಳ್ಳುತ್ತದೆ.

ಮೊದಲು, ಇವರೆಲ್ಲ ಯಾಕೆ ಕರೆಯುತ್ತಿದ್ದಾರೆ? ಕಾರಣ ಸರಳ. ಮಕ್ಕಳು ಕಡಿಮೆ, ಮುದುಕರು ಜಾಸ್ತಿ. ಜರ್ಮನಿಯ ಉದ್ಯೋಗ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, ಆ ದೇಶದಲ್ಲಿ ದುಡಿಯುವ ಕೈಗಳು ಕಡಿಮೆಯಾಗದಿರಬೇಕಾದರೆ ಬಿಟ್ಟುಹೋಗುವವರನ್ನು ಕಳೆದು ವರ್ಷಕ್ಕೆ ಸುಮಾರು 4 ಲಕ್ಷ ಜನ ಹೊರಗಿನಿಂದ ಬರಬೇಕು. 2022ರ ಡಿಸೆಂಬರ್‌ನಲ್ಲಿ ಅವರು ನಮ್ಮ ದೇಶದ ಜೊತೆ ವಲಸೆ ಒಪ್ಪಂದ ಮಾಡಿಕೊಂಡರು. 2024ರ ಅಕ್ಟೋಬರ್‌ನಲ್ಲಿ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಎಂದರು. ಜಪಾನ್ ಇನ್ನೂ ಕಷ್ಟದಲ್ಲಿದೆ. 2019ರಲ್ಲಿ ಅದು ವೃದ್ಧರ ಆರೈಕೆ, ಕೃಷಿ, ಹಡಗು ಕಟ್ಟುವುದು, ಮೀನುಗಾರಿಕೆಯಂಥ ಕೆಲಸಗಳಿಗೆ ಹೊಸ ವೀಸಾ ತೆರೆಯಿತು. 2021ರ ಜನವರಿಯಲ್ಲಿ ಭಾರತವೂ ಆ ಯೋಜನೆಗೆ ಸಹಿ ಹಾಕಿತು.

ಹೊರಗಿನ ಕುಶಲಿಗರನ್ನು ಕರೆದು ಊರು ಬೆಳೆಸುವುದು ನಮ್ಮ ಕರಾವಳಿಗೆ ಹೊಸದೇನಲ್ಲ. ಭಟ್ಕಳ, ಹೊನ್ನಾವರದ ಬಂದರುಗಳಿಗೆ ಅರಬ್ಬಿ ಕುದುರೆ ತಂದ ವ್ಯಾಪಾರಿಗಳು ಇಲ್ಲೇ ಮನೆ ಮಾಡಿದರು, ಇಲ್ಲಿಯವರನ್ನೇ ಮದುವೆಯಾದರು. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, ಅಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಶಾಲೆ ಇದ್ದವೆಂದು ಬರೆದಿದ್ದಾನೆ. ಬರೀ ವ್ಯಾಪಾರ ಮಾಡಿ ಹೋಗುವವರು ಶಾಲೆ ಕಟ್ಟುವುದಿಲ್ಲ. ನೆಲೆ ನಿಂತವರು ಕಟ್ಟುತ್ತಾರೆ.

ಈಗ ಆಯ್ಕೆಯ ವಿಷಯಕ್ಕೆ ಬರೋಣ. ಸರ್ಕಾರಗಳು ಮುಖ್ಯವಾಗಿ ಎರಡು ದಾರಿಯಲ್ಲಿ ಜನರನ್ನು ಆರಿಸುತ್ತವೆ.

ಮೊದಲನೆಯದು ಅಂಕದ ದಾರಿ. ಇದನ್ನು ಶುರುಮಾಡಿದ್ದು ಕೆನಡಾ, 1967ರಲ್ಲಿ. ಅಲ್ಲಿಯವರೆಗೆ ಯಾವ ದೇಶದವರು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಅಂಕ ಬಂದ ಮೇಲೆ ವಯಸ್ಸು, ಓದು, ಭಾಷೆ, ಅನುಭವ ಲೆಕ್ಕಕ್ಕೆ ಬಂದವು. ನಮ್ಮಂಥವರಿಗೆ ಬಾಗಿಲು ತೆರೆದದ್ದು ಆಗಲೇ. ಈಗಿನ ಎಕ್ಸ್‌ಪ್ರೆಸ್ ಎಂಟ್ರಿ 2015ರಿಂದ ನಡೆಯುತ್ತಿದೆ. ಒಟ್ಟು 1,200 ಅಂಕ. ಇಪ್ಪತ್ತರಿಂದ ಇಪ್ಪತ್ತೊಂಬತ್ತು ವರ್ಷದವರಿಗೆ ವಯಸ್ಸಿನ ಪೂರ್ತಿ ಅಂಕ ಸಿಗುತ್ತದೆ. ಮೂವತ್ತಾದ ಮೇಲೆ ಇಳಿಯುತ್ತಾ ಹೋಗಿ ನಲವತ್ತೈದಕ್ಕೆ ಸೊನ್ನೆ. ಇದು ಪಾಸು-ಫೇಲಿನ ಪರೀಕ್ಷೆಯಲ್ಲ, ಸಾಲಿನ ಲೆಕ್ಕ. ಅರ್ಹರೆಲ್ಲ ಒಂದು ಪಟ್ಟಿಯಲ್ಲಿ ನಿಲ್ಲುತ್ತಾರೆ, ಸರ್ಕಾರ ಆಗಾಗ ಮೇಲಿನಿಂದ ಕೆಲವರನ್ನು ಕರೆಯುತ್ತದೆ. 2023ರಿಂದ ನರ್ಸ್, ಬಡಗಿ, ಫ್ರೆಂಚ್ ಬಲ್ಲವರು ಎಂದು ಗುಂಪು ಮಾಡಿಯೂ ಕರೆಯುತ್ತಾರೆ. ಹಾಗಾಗಿ ನಿಮ್ಮ ಅಂಕ ಒಳ್ಳೆಯದೋ ಅಲ್ಲವೋ ಎಂಬುದು ನಿಮ್ಮ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ.

ಜರ್ಮನಿ 2024ರ ಜೂನ್‌ನಲ್ಲಿ ತಂದ ಅವಕಾಶ ಕಾರ್ಡ್, ಅಂದರೆ ಚಾನ್ಸೆನ್‌ಕಾರ್ಟೆ, ಇನ್ನೂ ಸರಳ. ಆರು ಅಂಕ ಸಾಕು. ಕುಮಟಾದ 28 ವರ್ಷದ ಒಬ್ಬ ಮೆಕ್ಯಾನಿಕಲ್ ಡಿಪ್ಲೊಮಾ ಹುಡುಗನನ್ನು ತೆಗೆದುಕೊಳ್ಳಿ. ಮೂವತ್ತೈದು ದಾಟಿಲ್ಲ, 2 ಅಂಕ. ಕಳೆದ ಏಳು ವರ್ಷದಲ್ಲಿ ಐದು ವರ್ಷ ತನ್ನದೇ ಕ್ಷೇತ್ರದಲ್ಲಿ ದುಡಿದಿದ್ದಾನೆ, 3 ಅಂಕ. ಜರ್ಮನ್ ಭಾಷೆಯಲ್ಲಿ ಎ2 ಹಂತ (ಎ1ರಿಂದ ಸಿ2ವರೆಗಿನ ಆರರಲ್ಲಿ ಎರಡನೆಯದು) ಮುಗಿಸಿದರೆ 1 ಅಂಕ. ಆರು ಆಯಿತು. ಅವನು ಯಾವ ಕಂಪನಿಯ ಆಫರ್ ಲೆಟರ್ ಇಲ್ಲದೆ ಅಲ್ಲಿಗೆ ಹೋಗಿ ಒಂದು ವರ್ಷದವರೆಗೆ ಕೆಲಸ ಹುಡುಕಬಹುದು. ಹುಡುಕುವಾಗ ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ ಹೋಗುವ ಮೊದಲು ಖರ್ಚಿಗೆ ದುಡ್ಡಿದೆ ಎಂದು ತೋರಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೊ. ವರ್ಷಕ್ಕೆ ಗುಣಿಸಿ ರೂಪಾಯಿಗೆ ತಿರುಗಿಸಿದರೆ ಹತ್ತು ಲಕ್ಷ ದಾಟುತ್ತದೆ. ಕಾಗದದಲ್ಲಿ ಸುಲಭವಾದ ದಾರಿ ಬಡವರ ಮನೆಯ ಹುಡುಗನಿಗೆ ಕಷ್ಟವಾಗುವುದು ಇಲ್ಲೇ.

ಎರಡನೆಯದು ಮಾಲೀಕನ ದಾರಿ. ಕಂಪನಿ ಒಬ್ಬನನ್ನು ಆರಿಸುತ್ತದೆ, ಸರ್ಕಾರ ವೀಸಾ ಕೊಡುತ್ತದೆ. ಅಮೆರಿಕದ ಎಚ್-1ಬಿ ನಮಗೆಲ್ಲ ಗೊತ್ತಿರುವ ಉದಾಹರಣೆ. ವರ್ಷಕ್ಕೆ 65,000, ಅಲ್ಲಿಯೇ ಸ್ನಾತಕೋತ್ತರ ಓದಿದವರಿಗೆ ಇನ್ನೂ 20,000. ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುವುದರಿಂದ ಎಷ್ಟೋ ವರ್ಷ ಲಾಟರಿಯೇ ನಿರ್ಧರಿಸಿದೆ. ವೀಸಾ ಸಿಕ್ಕ ಮೇಲೂ ಅದು ಆ ಕಂಪನಿಗೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಹೊಸ ಕಂಪನಿ ಹುಡುಕಿಕೊಳ್ಳಲು 60 ದಿನ. ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ, ಮನೆ ಸಾಲ ಇರುತ್ತದೆ, ದಿನ ಮಾತ್ರ ಅರವತ್ತೇ.

ಹಗ್ಗ ಮಾಲೀಕನ ಕೈಯಲ್ಲಿದ್ದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕಕ್ಕೇ ಹೋಗಬೇಕಿಲ್ಲ. ಕಾರವಾರದ ಬೈತಖೋಲ್ ಬಂದರಿಗೆ ಬನ್ನಿ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುವ ಹೊತ್ತಿಗೆ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಚೀಲ ಹೊತ್ತು ಬಂದಿಳಿಯುತ್ತಾರೆ. ಅವರಿಲ್ಲದೆ ಈಗ ಎಷ್ಟೋ ಬೋಟು ನೀರಿಗೆ ಇಳಿಯುವುದಿಲ್ಲ. ಮುಂಗಡ ಕೊಟ್ಟವರ ಬೋಟು ಬಿಟ್ಟು ಹೋಗಲು ಅವರಿಗೆ ಆಗುವುದಿಲ್ಲ. ಒಳ್ಳೆಯ ಮಾಲೀಕ ಸಿಕ್ಕಿದರೆ ಮನೆಯವರಂತೆ ನೋಡಿಕೊಳ್ಳುತ್ತಾನೆ. ಸಿಗದಿದ್ದರೆ ಇಡೀ ಹಂಗಾಮು ಸಹಿಸಿಕೊಳ್ಳಬೇಕು. ಮಾಲೀಕನಿಗೆ ಕಟ್ಟಿದ ವೀಸಾ ಇದೇ ಮುಂಗಡದ ದೊಡ್ಡ ರೂಪ.

ಭಟ್ಕಳದ ಮನೆಮನೆಗೂ ಇದು ಗೊತ್ತು. ಅಲ್ಲಿ ದುಬೈ, ಸೌದಿಯ ನಂಟಿಲ್ಲದ ಮನೆ ಸಿಗುವುದು ಕಷ್ಟ. ಕೊಲ್ಲಿ ದೇಶಗಳಲ್ಲಿ ಬಹಳ ಕಾಲ ನಡೆದದ್ದು ಕಫಾಲಾ ಪದ್ಧತಿ. ಕಫೀಲ್, ಅಂದರೆ ಪ್ರಾಯೋಜಕ, ಒಪ್ಪದೆ ಕೆಲಸ ಬದಲಿಸುವಂತಿರಲಿಲ್ಲ. ಮೂವತ್ತು ವರ್ಷ ದುಡಿದರೂ ಅಲ್ಲಿ ನೆಲೆ ಸಿಗುತ್ತಿರಲಿಲ್ಲ. ಯುಎಇ 2019ರಲ್ಲಿ ಗೋಲ್ಡನ್ ವೀಸಾ ತಂದಾಗ ಅದು ದೊಡ್ಡ ಬದಲಾವಣೆ ಎನಿಸಿದ್ದು ಇದಕ್ಕೇ. ಹತ್ತು ವರ್ಷದ ವಾಸ, ಪ್ರಾಯೋಜಕ ಬೇಡ, ಆರು ತಿಂಗಳು ಹೊರಗಿದ್ದರೂ ರದ್ದಾಗುವುದಿಲ್ಲ. ಹಗ್ಗ ನಿಮ್ಮ ಕೈಗೇ ಬಂತು. ಆದರೆ ಅದು ಯಾರಿಗೆ? ಕುಶಲ ವೃತ್ತಿಯವರಾದರೆ ತಿಂಗಳಿಗೆ 30,000 ದಿರ್ಹಮ್ ಸಂಬಳ ಇರಬೇಕು, ಆಸ್ತಿಯ ದಾರಿಯಾದರೆ 20 ಲಕ್ಷ ದಿರ್ಹಮ್ ಬೆಲೆಯ ಮನೆ ಬೇಕು. 2022ರಲ್ಲಿ ಬಂದ ಗ್ರೀನ್ ವೀಸಾ ಐದು ವರ್ಷದ್ದು, ಅದಕ್ಕೆ ಪದವಿ ಮತ್ತು 15,000 ದಿರ್ಹಮ್ ಸಂಬಳ. ದುಬೈನ ದೇರಾದ ಅಂಗಡಿಯಲ್ಲಿ ಬಟ್ಟೆ ಮಡಚಿಡುವ ನಮ್ಮ ಹುಡುಗನಿಗೆ ಎರಡೂ ಎಟುಕುವುದಿಲ್ಲ. ಅವನ ಹಗ್ಗ ಇನ್ನೂ ಮಾಲೀಕನ ಹತ್ತಿರವೇ ಇದೆ. "ಗೋಲ್ಡನ್ ವೀಸಾ ಮಾಡಿಸಿಕೊಡುತ್ತೇವೆ" ಎಂದು ಯಾರಾದರೂ ಊರಿಗೆ ಬಂದರೆ ಈ ಅಂಕಿ ನೆನಪಿರಲಿ.

ಜಪಾನ್ ತನ್ನ ತಪ್ಪಿನಿಂದ ಕಲಿತ ದೇಶ. 1993ರಲ್ಲಿ ಅದು ತರಬೇತಿ ಕೊಡುತ್ತೇವೆ ಎಂಬ ಹೆಸರಿನಲ್ಲಿ ಹೊರಗಿನ ಯುವಕರನ್ನು ಕರೆಸಿ ದುಡಿಸಿಕೊಳ್ಳಲು ಶುರುಮಾಡಿತು. ಮಾಲೀಕನನ್ನು ಬದಲಿಸುವಂತಿರಲಿಲ್ಲ. ಸಾವಿರಾರು ಮಂದಿ ಹೇಳದೆ ಕೇಳದೆ ಓಡಿಹೋದರು. ಈಗ ಆ ಪದ್ಧತಿ ಮುಚ್ಚಿ, 2027ರಿಂದ ಕೆಲಸದ ಜಾಗ ಬದಲಿಸಲು ಅವಕಾಶವಿರುವ ಹೊಸ ಪದ್ಧತಿ ತರುತ್ತಿದ್ದಾರೆ. 2019ರ ಕುಶಲಿಗರ ವೀಸಾದಲ್ಲಿ ಎರಡು ಹಂತ ಇದೆ. ಮೊದಲ ಹಂತದಲ್ಲಿ ಐದು ವರ್ಷದವರೆಗೆ ಇರಬಹುದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಎರಡನೇ ಹಂತದ ಪರೀಕ್ಷೆ ಪಾಸಾದರೆ ಕುಟುಂಬವೂ ಬರಬಹುದು, ವೀಸಾ ಮತ್ತೆ ಮತ್ತೆ ನವೀಕರಿಸಬಹುದು.

ಇನ್ನು ಮೂರನೇ ಕೈ. ಪ್ರಾಂತ್ಯದ ಸರ್ಕಾರ. ಇದರ ಬಗ್ಗೆ ನಮ್ಮಲ್ಲಿ ಮಾತಾಡುವವರು ಕಡಿಮೆ. ನನಗೆ ಮಾತ್ರ ಬಹಳ ಕುತೂಹಲದ್ದು ಎನಿಸಿದ್ದು ಇದೇ. ಉತ್ತರ ಕನ್ನಡದಂಥ ಜಿಲ್ಲೆಗೆ ಇದರಲ್ಲಿ ಪಾಠ ಇದೆ.

ಹೊರಗಿನಿಂದ ಬರುವವರನ್ನು ಹಾಗೆಯೇ ಬಿಟ್ಟರೆ ಎಲ್ಲರೂ ದೊಡ್ಡ ನಗರಕ್ಕೇ ಹೋಗುತ್ತಾರೆ. ಟೊರೊಂಟೊ, ಸಿಡ್ನಿ, ನ್ಯೂಯಾರ್ಕ್. ಸಣ್ಣ ಊರು ಖಾಲಿಯಾಗುತ್ತಲೇ ಇರುತ್ತದೆ. ಅದಕ್ಕೆ ಕೆನಡಾ ತನ್ನ ಪ್ರಾಂತ್ಯಗಳಿಗೆ ಹೆಸರು ಸೂಚಿಸುವ ಅಧಿಕಾರ ಕೊಟ್ಟಿತು. ಮ್ಯಾನಿಟೋಬಾದಲ್ಲಿ ಇದು 1998ರಲ್ಲಿ ಶುರುವಾಯಿತು. ಒಂದು ಪ್ರಾಂತ್ಯ "ಈ ವ್ಯಕ್ತಿ ನಮಗೆ ಬೇಕು" ಎಂದು ಸೂಚಿಸಿದರೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಂದೇ ಏಟಿಗೆ 600 ಅಂಕ. ಆಸ್ಟ್ರೇಲಿಯಾದ 491 ಎಂಬ ವೀಸಾ ಇನ್ನೂ ಬಿಗಿ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆ ಕಡೆ ಮೂರು ವರ್ಷ ಬದುಕಿ ದುಡಿದು ತೋರಿಸಿದರೆ ಮಾತ್ರ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ಅಮೆರಿಕದ ರಾಜ್ಯಗಳಿಗೆ ವೀಸಾ ಕೊಡುವ ಅಧಿಕಾರವೇ ಇಲ್ಲ. ಆದರೂ ಒಂದು ಸಣ್ಣ ಕಿಂಡಿ ಇದೆ. ಅಲ್ಲಿ ವೈದ್ಯಕೀಯ ತರಬೇತಿಗೆ ಜೆ-1 ವೀಸಾದಲ್ಲಿ ಹೋದ ಹೊರದೇಶದ ವೈದ್ಯರು ತರಬೇತಿ ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶಕ್ಕೆ ಮರಳಬೇಕು. 1994ರಲ್ಲಿ ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಒಂದು ದಾರಿ ಮಾಡಿದರು. ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಲು ಒಪ್ಪಿದರೆ ಮರಳುವ ಷರತ್ತು ಮನ್ನಾ. ಪ್ರತಿ ರಾಜ್ಯ ವರ್ಷಕ್ಕೆ 30 ಮಂದಿಯನ್ನು ಹೀಗೆ ಉಳಿಸಿಕೊಳ್ಳಬಹುದು. ಕಾನ್ರಾಡ್ 30 ಎಂದೇ ಅದರ ಹೆಸರು. ಹೊಲಗಳ ನಡುವಿನ ಸಣ್ಣ ಊರುಗಳಲ್ಲಿ ಇವತ್ತು ಒಬ್ಬ ಭಾರತೀಯ ಡಾಕ್ಟರ್ ಕಾಣುತ್ತಾರೆ ಅಂದರೆ ಎಷ್ಟೋ ಸಲ ಅದರ ಹಿಂದೆ ಈ ಕಾನೂನಿದೆ.

ಇದನ್ನು ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. 2022ರಲ್ಲಿ ನಮ್ಮ ಜಿಲ್ಲೆಯವರು ಒಳ್ಳೆಯ ಆಸ್ಪತ್ರೆ ಬೇಕೆಂದು ಬೀದಿಗೆ ಇಳಿದಿದ್ದರು. ಅಪಘಾತವಾದರೆ ಇವತ್ತಿಗೂ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಕು. ಆಂಬುಲೆನ್ಸ್ ಘಟ್ಟ ಇಳಿಯುವಷ್ಟರಲ್ಲಿ ಜೀವ ಹೋದವರ ಮನೆಗಳು ನನಗೆ ಗೊತ್ತು. ಕಟ್ಟಡ ಕಟ್ಟಿದರೆ ಸಾಲದು, ಪರಿಣಿತ ವೈದ್ಯ ಇಲ್ಲಿ ಮನೆ ಮಾಡಬೇಕು. ನಮ್ಮಲ್ಲಿ ಹಳ್ಳಿ ಸೇವೆಯ ಬಾಂಡ್ ಇದೆ, ಅದು ದಂಡದ ಭಾಷೆ ಮಾತಾಡುತ್ತದೆ. ಕಾನ್ರಾಡ್ ಯೋಜನೆ ವೈದ್ಯನಿಗೆ ಅವನು ನಿಜವಾಗಿ ಬಯಸುವ ಒಂದನ್ನು ಕೊಟ್ಟು, ಬದಲಿಗೆ ಮೂರು ವರ್ಷ ಕೇಳುತ್ತದೆ. ಎರಡರ ನಡುವೆ ಬಹಳ ಅಂತರ ಇದೆ.

ಆದರೆ ಕರಾರು ಮಾತ್ರದಿಂದ ಜನ ಉಳಿಯುವುದಿಲ್ಲ. ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಎಂಬ ಪುಟ್ಟ ಪ್ರಾಂತ್ಯದ ಕತೆ ಕೇಳಿ. ಅಲ್ಲಿರುವುದು ಹೆಚ್ಚುಕಡಿಮೆ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು ಜನ. ಹೊರದೇಶದ ಉದ್ಯಮಿಗಳನ್ನು ಕರೆಯಲು ಅವರು ಒಂದು ಯೋಜನೆ ಮಾಡಿದರು. 2 ಲಕ್ಷ ಡಾಲರ್ ಠೇವಣಿ ಇಡಿ, ಕಾಯಂ ವಾಸ ತೆಗೆದುಕೊಳ್ಳಿ, ಇಲ್ಲಿ ವ್ಯಾಪಾರ ಮಾಡಿ ತೋರಿಸಿದರೆ ಠೇವಣಿ ವಾಪಸ್. ಆಗಿದ್ದೇನು? ಬಹಳಷ್ಟು ಜನ ಠೇವಣಿ ಹೋದರೆ ಹೋಗಲಿ ಎಂದು ಬಿಟ್ಟು ಟೊರೊಂಟೊ, ವ್ಯಾಂಕೂವರ್ ಕಡೆ ಹೋದರು. ತಡೆಯುವಂತೆಯೂ ಇರಲಿಲ್ಲ. ಕಾಯಂ ವಾಸಿಗಳು ದೇಶದೊಳಗೆ ಎಲ್ಲಿ ಬೇಕಾದರೂ ಬದುಕಬಹುದು ಎಂದು ಕೆನಡಾದ 1982ರ ಹಕ್ಕುಗಳ ಸನ್ನದೇ ಹೇಳುತ್ತದೆ. 2018ರಲ್ಲಿ ಆ ದಾರಿಯನ್ನೇ ಮುಚ್ಚಿದರು. ಅದೇ ದೇಶದ ಮ್ಯಾನಿಟೋಬಾ ಬೇರೆ ಲೆಕ್ಕ ಹಾಕಿತ್ತು. ಅಲ್ಲಿ ನಿಮಗೆ ನೆಂಟರು ಇದ್ದಾರಾ, ಗುರುತಿನವರು ಇದ್ದಾರಾ ಎಂಬುದನ್ನೂ ನೋಡುತ್ತಿದ್ದರು. ನೆಂಟರಿರುವ ಊರನ್ನು ಅಷ್ಟು ಬೇಗ ಯಾರೂ ಬಿಡುವುದಿಲ್ಲ, ಅಲ್ವಾ?

ಉದ್ಯಮಿಗಳ ವಿಷಯದಲ್ಲಿ ಚಿಲಿ ದೇಶದ ಅನುಭವವೂ ಹೀಗೇ. 2010ರಲ್ಲಿ ಅವರು ಸ್ಟಾರ್ಟ್‌ಅಪ್ ಚಿಲಿ ಶುರುಮಾಡಿದರು. ಯಾವ ದೇಶದವರೇ ಇರಲಿ, ಹೊಸ ಕಂಪನಿ ಕಟ್ಟುವವರು ಆರು ತಿಂಗಳು ಚಿಲಿಗೆ ಬಂದಿದ್ದರೆ 40,000 ಡಾಲರ್, ಕಂಪನಿಯ ಪಾಲು ಕೇಳದೆ. ಪ್ರಪಂಚದ ಎಲ್ಲ ಕಡೆಯಿಂದ ಬಂದರು. ಅವಧಿ ಮುಗಿದ ಮೇಲೆ ಹೆಚ್ಚಿನವರು ಹೊರಟರು. ಬಂಡವಾಳ ಹಾಕುವವರು, ದೊಡ್ಡ ಮಾರುಕಟ್ಟೆ ಬೇರೆ ಕಡೆ ಇದ್ದವು. ಆದರೂ ಅದು ಪೂರ್ತಿ ಸೋಲು ಎಂದು ನಾನು ಹೇಳುವುದಿಲ್ಲ. ಬಂದವರ ಜೊತೆ ಕೂತು ಕಲಿತ ಚಿಲಿಯ ಯುವಕರು ತಾವೇ ಕಂಪನಿ ಕಟ್ಟಲು ಶುರುಮಾಡಿದರು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2014ರಲ್ಲಿ ಒಂದು ಜಾಣ ದಾರಿ ಕಂಡುಹಿಡಿಯಿತು. ವಿಶ್ವವಿದ್ಯಾಲಯಗಳಿಗೆ ಎಚ್-1ಬಿ ಸಂಖ್ಯೆಯ ಮಿತಿ ಇಲ್ಲ. ಹಾಗಾದರೆ ಕಂಪನಿ ಕಟ್ಟಲು ಬಯಸುವ ವಿದೇಶಿ ವಿದ್ಯಾರ್ಥಿಗೆ ವಿಶ್ವವಿದ್ಯಾಲಯವೇ ಅರೆಕಾಲಿಕ ಕೆಲಸ ಕೊಡಲಿ, ಅವನು ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಾ ತನ್ನ ಕಂಪನಿಯನ್ನೂ ಕಟ್ಟಲಿ. ರಾಜ್ಯದ ಕೈಯಲ್ಲಿ ವೀಸಾ ಇಲ್ಲದಿದ್ದರೂ ಓದಿದ ಹುಡುಗ ಬಿಟ್ಟುಹೋಗದಂತೆ ನೋಡಿಕೊಂಡಿತು.

ನಮ್ಮ ದೇಶವೂ ಹೊರಗಿನವರನ್ನು ಕರೆಯುತ್ತದೆ, ಬಾಗಿಲು ಮಾತ್ರ ಕಿರಿದು. ಕೆಲಸದ ವೀಸಾಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳ ಇರಬೇಕು. 2016ರಲ್ಲಿ ಬಂದ ಕಾಯಂ ವಾಸದ ಯೋಜನೆಗೆ 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ಹೂಡಬೇಕು, ವರ್ಷಕ್ಕೆ ಕನಿಷ್ಠ 20 ಭಾರತೀಯರಿಗೆ ಕೆಲಸ ಕೊಡಬೇಕು. ಗೋಕರ್ಣದಲ್ಲಿ ವರ್ಷವರ್ಷವೂ ಬಂದು ತಿಂಗಳುಗಟ್ಟಲೆ ಇರುವ ವಿದೇಶಿಯರಲ್ಲಿ ಒಳ್ಳೆಯ ಕಸುಬು ಬಲ್ಲವರಿದ್ದಾರೆ. ಅವರಿಗೆ ಪ್ರವಾಸಿ ವೀಸಾದ ಆಚೆಗೆ ದಾರಿ ಇಲ್ಲವೆನ್ನುವಷ್ಟು ಕಡಿಮೆ.

ಈಗ ಉಳಿಸಿಕೊಳ್ಳುವ ಮಾತು. ಕರೆದವರು ಉಳಿಯುವುದು ಯಾವುದರಿಂದ? ಓದಿದಷ್ಟೂ ನನಗೆ ಮೂರು ಸಂಗತಿ ಮತ್ತೆ ಮತ್ತೆ ಕಂಡವು. ಕಾಯಂ ವಾಸ ಎಷ್ಟು ದಿನದಲ್ಲಿ ಸಿಗುತ್ತದೆ, ಗಂಡನೋ ಹೆಂಡತಿಯೋ ದುಡಿಯಬಹುದಾ, ಇಲ್ಲಿ ಓದಿದ ಓದಿಗೆ ಅಲ್ಲಿ ಬೆಲೆ ಇದೆಯಾ.

ಕಾಯಂ ವಾಸದ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಕುಶಲಿಗರಿಗೆ ಕೊಡುವ ವಾಸದ ಪರವಾನಗಿ, ಇದ್ದವರಿಗೆ 27 ತಿಂಗಳಲ್ಲಿ ಕಾಯಂ ವಾಸ ಸಿಗಬಹುದು, ಜರ್ಮನ್ ಭಾಷೆ ಬಿ1 ಹಂತ ಬಂದಿದ್ದರೆ 21 ತಿಂಗಳಲ್ಲಿ. ಅದೇ ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಒಂದು ದೇಶದವರಿಗೆ ಶೇ 7ರ ಮಿತಿ ಇದೆ. ಸಣ್ಣ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಹಾಗಾಗಿ ನಮ್ಮವರ ಸಾಲು ದಶಕಗಳಷ್ಟು ಉದ್ದ. ಅಲ್ಲಿ ಬೆಳೆದ ಮಕ್ಕಳಿಗೆ 21 ವರ್ಷ ತುಂಬಿದರೆ ಅಪ್ಪ ಅಮ್ಮನ ವೀಸಾದ ನೆರಳೂ ತಪ್ಪುತ್ತದೆ.

ಗಂಡ ಹೆಂಡತಿಯ ವಿಷಯ ಎಲ್ಲರಿಗೂ ಅನುಭವಕ್ಕೆ ಬರುವಂಥದ್ದು. ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಸೊಸೆ ಅಲ್ಲಿ ಹೋಗಿ ನಾಲ್ಕು ಗೋಡೆಯೊಳಗೆ ಕೂರಬೇಕಾದರೆ ಆ ಮನೆ ಎಷ್ಟು ದಿನ ನೆಮ್ಮದಿಯಿಂದ ಇರುತ್ತದೆ? ಬ್ಲೂ ಕಾರ್ಡಿನಲ್ಲಿ ಸಂಗಾತಿ ಹೋದ ದಿನದಿಂದಲೇ ದುಡಿಯಬಹುದು. ಅಮೆರಿಕ ಎಚ್-1ಬಿ ಹೊಂದಿದ ಕೆಲವರ ಸಂಗಾತಿಗಳಿಗೆ ಇದನ್ನು ಕೊಟ್ಟದ್ದು 2015ರಲ್ಲಿ.

ಓದಿಗೆ ಮಾನ್ಯತೆ ಸಿಗುವುದು ಇನ್ನೂ ನಿಧಾನ. ಇಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದವಳು ಜರ್ಮನಿಯಲ್ಲಿ ಇಳಿದ ಕೂಡಲೇ ನರ್ಸ್ ಆಗುವುದಿಲ್ಲ. ಪ್ರಮಾಣಪತ್ರ ಅನುವಾದವಾಗಬೇಕು, ಅಲ್ಲಿಯ ಕಚೇರಿ ಪರಿಶೀಲಿಸಬೇಕು, ಕೊರತೆ ಇದ್ದರೆ ಕೋರ್ಸ್ ಅಥವಾ ಪರೀಕ್ಷೆ, ಜೊತೆಗೆ ಬಿ2 ಹಂತದ ಜರ್ಮನ್. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಇದನ್ನು ಮೊದಲೇ ಹೇಳದ ಏಜೆಂಟರು ಬಹಳ ಇದ್ದಾರೆ.

ಮೂರೂ ಸರಿ ಇದ್ದರೂ ಇನ್ನೊಂದು ಉಳಿಯುತ್ತದೆ, ನೆರೆಹೊರೆ. 2025ರಲ್ಲಿ ಜರ್ಮನಿಯ ಅದೇ ಸಂಶೋಧನಾ ಸಂಸ್ಥೆ ವಲಸಿಗರನ್ನು ಕೇಳಿ ನೋಡಿತು. ಹಿಂದಿನ ಒಂದು ವರ್ಷದಲ್ಲಿ ದೇಶ ಬಿಡುವ ಯೋಚನೆ ಬಂದಿತ್ತು ಎಂದವರು ಕಾಲು ಭಾಗದಷ್ಟು. ತೆರಿಗೆ, ಕಚೇರಿ ಅಲೆದಾಟ, ರಾಜಕೀಯದ ಗಾಳಿ, ಪರಕೀಯರಂತೆ ನೋಡುವುದು, ಇವೇ ಕಾರಣ. ಒಂದು ಕಡೆ ದೆಹಲಿಗೆ ಬಂದು 90,000 ವೀಸಾ ಎನ್ನುತ್ತಾರೆ, ಇನ್ನೊಂದು ಕಡೆ ಬಂದವರಿಗೆ ಬಾಡಿಗೆ ಮನೆ ಸಿಗುವುದಿಲ್ಲ.

ಈ ಯೋಜನೆಗಳ ನಲ್ಲಿ ಯಾವಾಗ ತೆರೆಯುತ್ತದೆ, ಯಾವಾಗ ನಿಲ್ಲುತ್ತದೆ ಹೇಳಲಾಗದು. ಕೆನಡಾ 2025ಕ್ಕೆ 5 ಲಕ್ಷ ಕಾಯಂ ವಾಸಿಗಳನ್ನು ತೆಗೆದುಕೊಳ್ಳುತ್ತೇವೆ ಎಂದಿತ್ತು. 2024ರ ಅಕ್ಟೋಬರ್‌ನಲ್ಲಿ ಅದನ್ನು 3,95,000ಕ್ಕೆ ಇಳಿಸಿತು, ಪ್ರಾಂತ್ಯಗಳ ಪಾಲನ್ನು ಅರ್ಧ ಮಾಡಿತು. ಮನೆ ಬಾಡಿಗೆ ಏರಿ ಅಲ್ಲಿಯ ಜನ ಸಿಟ್ಟಾಗಿದ್ದರು. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿತು. ಮರುತಿಂಗಳೇ ಚೀನಾ ಯುವ ವಿಜ್ಞಾನಿ, ತಂತ್ರಜ್ಞರಿಗೆ ಮಾಲೀಕರ ಹೆಸರೇ ಬೇಡದ ಕೆ ವೀಸಾ ತೆರೆಯಿತು. ಒಬ್ಬರು ಬಾಗಿಲು ಹಾಕಿದರೆ ಇನ್ನೊಬ್ಬರು ತೆರೆಯುತ್ತಾರೆ. ನಾಲ್ಕು ವರ್ಷದ ಓದನ್ನು ಒಂದೇ ದೇಶದ ಒಂದೇ ವೀಸಾ ನಂಬಿ ಯೋಜಿಸುವುದು ಅಪಾಯ.

ಅಕ್ಕನ ಮಗಳಿಗೆ ಬಂದ ಬ್ರಿಟನ್ ಅವಕಾಶದ ಕತೆಯೂ ಇದೇ. 2024ರ ಮಾರ್ಚ್‌ನಲ್ಲೇ ಆರೈಕೆ ಕೆಲಸದವರು ಕುಟುಂಬ ಕರೆತರುವಂತಿಲ್ಲ ಎಂದು ನಿಯಮ ಮಾಡಿದ್ದರು. ಏಜೆಂಟ್ ಅದನ್ನು ಅವಳಿಗೆ ಹೇಳಿರಲೇ ಇಲ್ಲ. 2025ರ ಜುಲೈ 22ರಂದು ಹೊರದೇಶದಿಂದ ಆರೈಕೆ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಆರು ಲಕ್ಷ ಸಾಲ ಮಾಡಿ ಹೋಗಿದ್ದರೆ ಗಂಡನನ್ನು ಇಲ್ಲೇ ಬಿಟ್ಟು, ಒಬ್ಬ ಮಾಲೀಕನಿಗೆ ಕಟ್ಟಿಕೊಂಡು ಆ ಸಾಲ ತೀರಿಸಬೇಕಿತ್ತು.

ಅವಳು ಜರ್ಮನಿಯ ದಾರಿ ಹಿಡಿದಳು. ಕೇರಳ ಸರ್ಕಾರದ ನೋರ್ಕಾ ಸಂಸ್ಥೆ 2021ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಜರ್ಮನಿಯ ಟ್ರಿಪಲ್ ವಿನ್ ಎಂಬ ಯೋಜನೆಯಲ್ಲಿ ನರ್ಸ್‌ಗಳನ್ನು ಕಳಿಸುತ್ತಿದೆ. ನರ್ಸ್‌ನಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಖರ್ಚು ಕೆಲಸ ಕೊಡುವ ಆಸ್ಪತ್ರೆಯದು. ಅದನ್ನು ನೋಡಿದ ಮೇಲೆ ನಾವು ಎಲ್ಲ ಏಜೆಂಟರಿಗೂ ಒಂದೇ ಪ್ರಶ್ನೆ ಕೇಳಿದೆವು. ಅಲ್ಲಿ ಉಚಿತವಾಗಿ ಆಗುವುದಕ್ಕೆ ಇಲ್ಲಿ ಲಕ್ಷಗಟ್ಟಲೆ ಯಾಕೆ? ಸರಿಯಾಗಿ ಉತ್ತರ ಕೊಟ್ಟವರು ಒಬ್ಬರೇ. ಅವರ ಮೂಲಕವೇ ಹೋದಳು. ಹದಿನೈದು ತಿಂಗಳು ರಾತ್ರಿ ಪಾಳಿ ಮುಗಿಸಿ ಬಂದು ಆನ್‌ಲೈನ್ ಕ್ಲಾಸಿಗೆ ಕೂರುತ್ತಿದ್ದಳು. ಹಬ್ಬಕ್ಕೆ ಬಂದಾಗಲೂ ಒಲೆ ಮುಂದೆ ಕೂತು ಜರ್ಮನ್ ಶಬ್ದ ಬಾಯಿಪಾಠ ಮಾಡುವುದು ಕೇಳುತ್ತಿತ್ತು. ಈಗ ಅಲ್ಲಿ ಸಹಾಯಕಿ, ಮಾನ್ಯತೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಹೋದ ಮೊದಲ ವಾರ ಆಸ್ಪತ್ರೆಯ ಒಬ್ಬ ಹಿರಿಯ ನರ್ಸ್ ಅವಳನ್ನು ಬ್ಯಾಂಕಿಗೆ, ಪುರಸಭೆ ಕಚೇರಿಗೆ, ಅಕ್ಕಿ ಸಿಗುವ ಅಂಗಡಿಗೆ ಕರೆದುಕೊಂಡು ಹೋದರಂತೆ. "ಮಾವಾ, ಅವಳೊಬ್ಬಳು ಇಲ್ಲದಿದ್ರೆ ನಾನು ವಾಪಸ್ ಬಪ್ಪವಳೇ ಆಗಿದ್ದಿ" ಎಂದಳು.

ಹೋದ ವಾರ ನಮ್ಮ ಕೊನೆಗೌಡನ ಮಗ ಮನೆಗೆ ಬಂದಿದ್ದ. ಐಟಿಐ ವೆಲ್ಡಿಂಗ್ ಮುಗಿಸಿ ಗೋವಾದಲ್ಲಿ ಕೆಲಸ ಮಾಡುತ್ತಾನೆ. ಯಾರೋ ಜಪಾನಿಗೆ ಕಳಿಸುತ್ತೇವೆ, ಮೂರು ಲಕ್ಷ ಕೊಡು ಎಂದಿದ್ದಾರಂತೆ. ಜಗಲಿಯಲ್ಲಿ ಕೂತು ಇಬ್ಬರೂ ಫೋನಿನಲ್ಲಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣ ತೆರೆದೆವು. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು, ಆ ಪಟ್ಟಿ ಅಲ್ಲಿದೆ. ಕೆಲಸಗಾರನಿಂದ ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಲ್ಲೂ ಇದಕ್ಕಾಗಿ ಒಂದು ವಲಸೆ ಕೇಂದ್ರ ಇದೆ ಎಂದು ಅವನಿಗೆ ಹೇಳಿದೆ. ಆ ಏಜೆಂಟರ ಹೆಸರನ್ನು ಮೂರು ಸಲ ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಿದೆವು. ಸಿಗಲಿಲ್ಲ.

ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಒಂದು ಚೀಟಿ ಕೇಳಿದ. ಅದರಲ್ಲಿ ನಾನು ಹೇಳಿದ್ದನ್ನು ಬರೆದುಕೊಂಡ. ನೋಂದಣಿ ಸಂಖ್ಯೆ ಎಷ್ಟು. ಯಾವ ಹಂತದ ವೀಸಾ. ಮಾಲೀಕ ಸರಿ ಇಲ್ಲದಿದ್ದರೆ ಬೇರೆ ಕಡೆ ಹೋಗಬಹುದಾ. ಜಪಾನಿ ಭಾಷೆ ಎಲ್ಲಿ ಕಲಿಸುತ್ತೀರಿ, ಯಾರ ಖರ್ಚಿನಲ್ಲಿ. ಚೀಟಿಯನ್ನು ಮಡಚಿ ಅಂಗಿ ಕಿಸೆಗೆ ಹಾಕಿಕೊಂಡು, "ನಾಳೆ ಫೋನ್ ಮಾಡಿ ಕೇಳ್ತೆ ಹೆಗಡೇರೇ" ಎಂದು ಬೈಕ್ ಹತ್ತಿದ.